ಕದ್ದು ತಿಂದ ಮೇವು

ನನ್ನ ಅಣ್ಣನಿಗೆ ಕರುಣೆ ಜಾಸ್ತಿ. ಅವನ ಕರುಣೆಗೆ ಬೆಂಕಿ ಬೀಳಲಿ.

ನಮ್ಮದು ಆಡಿನ ಹಾಲಿನ ಡೇರಿ, ಅಮ್ಮ ಕಟ್ಟಿ ಬೆಳೆಸಿದ್ದು. ಅವಳ ಕಂದು ಆಡುಗಳು ಗಿಡ್ಡ, ಮೊಂಡು, ಕಂಡದ್ದಕ್ಕೆಲ್ಲ ಬಾಯಿ ಹಾಕುವ ಜಾತಿ. ಅಣ್ಣ ತರಿಸಿದ ಬಿಳಿ ಆಡುಗಳು ಎತ್ತರ, ನಾಜೂಕು. ಮೇವನ್ನು ಮೂಸಿ ಮೂಸಿ ಎಲೆ ಆರಿಸಿಕೊಂಡು ಕಡ್ಡಿ ಬಿಡುವಂಥವು. ಕೊಟ್ಟಿಗೆಯಲ್ಲಿ ಎರಡಕ್ಕೂ ಜಾಗ ಸಾಲದಾಯಿತು. ಕಂದು ಆಡುಗಳನ್ನು ಕಸಾಯಿಗೆ ಕೊಡೋಣ ಎಂದ ಅಣ್ಣ. ಅಮ್ಮ ಕೆಂಡವಾದಳು. ಊಟಕ್ಕೆ ಕೂತರೆ ಜಗಳ, ಎದ್ದರೆ ಜಗಳ. ಕೊನೆಗೆ ಅಮ್ಮನೇ ನನ್ನತ್ತ ಬೆರಳು ತೋರಿಸಿದಳು.

"ಇವಳು ಆಡು-ಕುರಿ ಸಾಕೋ ವಿಷಯಾನೇ ತಾನೆ ಓದಿದ್ದು? ಪರೀಕ್ಷೆ ಮಾಡಿ ಹೇಳ್ಲಿ. ಯಾವುದಕ್ಕೆ ತಿಂದದ್ದು ಮೈಗೆ ಹತ್ತಲ್ವೋ ಅದು ಹೋಗ್ಲಿ."

ಒಂದೊಂದು ಆಡಿಗೂ ಒಂದೊಂದು ಇಕ್ಕಟ್ಟಾದ ಪಂಜರ ಮಾಡಿಸಿದೆ. ಬಿಳಿಯ ಪಕ್ಕ ಕಂದು, ನಡುವೆ ಹಲಗೆ, ಕೆಳಗೆ ಹಿಕ್ಕೆ ಬೀಳುವ ತಟ್ಟೆ. ಹಾಕಿದ ಮೇವನ್ನು ತೂಗಬೇಕು, ಗೋದಲಿಯಲ್ಲಿ ಉಳಿದದ್ದನ್ನು ತೂಗಬೇಕು, ಹಿಕ್ಕೆಯನ್ನು ಒಣಗಿಸಿ ತೂಗಬೇಕು. ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದನ್ನು ಕಳೆದರೆ ಉಳಿಯುವುದು ಆಡಿಗೆ ದಕ್ಕಿದ್ದು. ತೂಕ ನನ್ನದು, ರಾತ್ರಿ ಕಾವಲು ಅಣ್ಣನದು.

ಬಿಳಿ ಆಡುಗಳು ಗೆದ್ದವು. ಅದೂ ಅಷ್ಟಿಷ್ಟಲ್ಲ.

"ಸರಿಯಾಗಿ ನೋಡಿದ್ಯಾ?" ಎಂದಷ್ಟೇ ಕೇಳಿದಳು ಅಮ್ಮ. ನೋಡಿದ್ದೇನೆ ಎಂದೆ.

ಮರುದಿನ ಬೆಳಗ್ಗೆ ಕಸಾಯಿಯವನ ಲಾರಿ ಬಂದು ನಿಂತಿತು. ಅಮ್ಮ ಯಾರನ್ನೂ ಹತ್ತಿರ ಬಿಡದೆ ತಾನೇ ಆಡುಗಳನ್ನು ಹತ್ತಿಸತೊಡಗಿದಳು. ಅದನ್ನು ನೋಡಲಾಗದೆ ನಾನು ಖಾಲಿ ಪಂಜರಗಳನ್ನು ತೊಳೆಯಲು ಹೋದೆ. ಬಿಳಿ ಆಡಿನ ಗೋದಲಿಯ ಅಂಚಿನಲ್ಲಿ ಕಂದು ಕೂದಲು ಅಂಟಿಕೊಂಡಿತ್ತು. ಮುಂದಿನ ಬಿಳಿ ಆಡಿನದರಲ್ಲೂ ಇತ್ತು. ಅದರಾಚೆಯ ಬಿಳಿಯದರಲ್ಲೂ ಇತ್ತು.

ಅಣ್ಣನನ್ನು ಕರೆದು ತೋರಿಸಿದೆ. ಅವನು ತಲೆ ಕೆರೆದುಕೊಂಡ.

"ಕತ್ತಲಾದ್ರೆ ಸಾಕು, ಬಿಳಿಯವು ಒಂಟಿಯಾಗಿ ಅರಚೋವು ಕಣೆ. ಕರುಳು ಚುರ್ ಅನ್ನೋದು. ಪಕ್ಕದ್ದರ ಮುಖನಾದ್ರೂ ಕಾಣ್ಲಿ ಅಂತ ಹಲಗೆ ತೆಗೀತಿದ್ದೆ. ಬೆಳಗ್ಗೆ ಮತ್ತೆ ಇಡ್ತಿದ್ನಲ್ಲ, ಅದರಲ್ಲೇನು?"

"ಅದರಲ್ಲೇನಾ? ಬಿಳಿಯವು ಬಿಟ್ಟ ಮೇವನ್ನ ಕಂದು ಆಡುಗಳು ಕತ್ತು ತೂರಿಸಿ ತಿಂದಿವೆ ಅಣ್ಣ! ತಿಂದದ್ದು ಬಿಳಿಯವುಗಳ ಲೆಕ್ಕಕ್ಕೆ ಹೋಯ್ತು, ಹಿಕ್ಕೆ ಮಾತ್ರ ಕಂದು ಆಡುಗಳ ತಟ್ಟೇಲಿ ಬಿತ್ತು. ತಿಂದದ್ದೆಲ್ಲ ಹಾಗೇ ಹೊರಗೆ ಹಾಕೋ ಆಡು ಅಂತ ಅಮ್ಮನ ಮುಂದೆ ಹೇಳ್ಬಿಟ್ಟೆ ನಾನು!"

"ಬಿಡು, ಲಾರಿ ಬಂದಾಯ್ತು, ಮಾತು ಕೊಟ್ಟಾಯ್ತು."

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೈಯಲ್ಲಿದ್ದ ಬಕೆಟ್ಟನ್ನು ಅವನ ಕಾಲ ಬಳಿ ಎಸೆದು ಲಾರಿಯ ಹತ್ತಿರ ಓಡಿದೆ. ಅಮ್ಮ ಲಾರಿಯ ಮೇಲೆ ನಿಂತು ಕೊನೆಯ ಆಡಿನ ಹಗ್ಗ ಬಿಗಿಯುತ್ತಿದ್ದಳು. ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಅಣ್ಣನೂ ಹಿಂದೆಯೇ ಬಂದ.

"ಪಾಪ ಅನ್ನಿಸ್ತಮ್ಮ, ಕೂಗ್ತಿದ್ವು," ಎಂದ.

"ನನ್ನವೂ ಕೂಗ್ತಿದ್ವಲ್ಲೋ. ನಾನು ಒಳಗೆ ಮಲಗಿದ್ರೂ ಕೇಳಿಸ್ತಿತ್ತು. ಬಾಗಿಲಲ್ಲೇ ಕೂತಿದ್ದ ನಿಂಗೆ ಕೇಳಿಸ್ಲಿಲ್ವಾ?"

ಅಮ್ಮ ಹಗ್ಗಗಳನ್ನು ಬಿಚ್ಚಿದಳು. ಲಾರಿಯವನು ಗೊಣಗಿದ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆಡುಗಳು ಒಂದರ ಮೇಲೊಂದು ಬಿದ್ದು ಕೆಳಗಿಳಿದವು.

"ಮತ್ತೊಂದ್ಸಲ ಪರೀಕ್ಷೆ ಮಾಡ್ತೀನಮ್ಮ," ಎಂದೆ ನಾನು. "ಈ ಸಲ ರಾತ್ರಿ ಕಾವಲೂ ನಂದೇ. ಇವು ಗೆಲ್ಲುತ್ವೆ, ನೋಡ್ತಿರು."

"ಬೇಡ."

"ಗೆಲ್ಲುತ್ವೆ ಅಂತಿದೀನಲ್ಲ!"

"ನೀನು ಹೇಳ್ದೆ ಅಂತ ಇವನ್ನ ನನ್ನ ಕೈಯಾರೆ ಹತ್ತಿಸಿದೆ ಕಣೆ," ಎಂದಳು ಅಮ್ಮ. "ಇನ್ಮೇಲೆ ನೀನು ಏನು ಹೇಳಿದ್ರೂ ಕೇಳೋ ಧೈರ್ಯ ನಂಗಿಲ್ಲ."