ಬೂದಿಬಂಡೆಯ ಅಳತೆಕೋಲು

ಮಾಳವ್ವ ಒಮ್ಮೆ ಹಿಂದಿರುಗಿ ನೋಡಿದಳು. ವಾರಿಜಾ ಮೇಡಂ ಕ್ಯಾಮೆರಾದ ಸ್ಟ್ಯಾಂಡಿನ ತಿರುಪು ಬಿಗಿಯುತ್ತಿದ್ದರು, ತಲೆ ಎತ್ತಿರಲಿಲ್ಲ. ಮಾಳವ್ವ ನನ್ನನ್ನು ನೆಲದಿಂದ ಎತ್ತಿ, ತುದಿ ಬದಲಿಸಿ, ಹಿಂದುಮುಂದಾಗಿ ಮಲಗಿಸಿದಳು. ಸೆರಗಿನಿಂದ ನನ್ನ ಮೈ ಒರೆಸಿ, ಏನೂ ಆಗಿಲ್ಲವೆಂಬಂತೆ ಬಂಡೆಗೆ ಒರಗಿ ನಿಂತಳು. ಮರುಕ್ಷಣ ಕ್ಯಾಮೆರಾ ಕ್ಲಿಕ್ಕೆಂದಿತು. ನನಗೆ ಬಾಯಿದ್ದಿದ್ದರೆ ಆಗಲೇ ಹೇಳಿಬಿಡುತ್ತಿದ್ದೆ.

ನಾನು ಒಂದು ಅಳತೆಕೋಲು. ಐವತ್ತು ಸೆಂಟಿಮೀಟರ್ ಉದ್ದ, ಎರಡು ಬೆರಳು ಅಗಲ. ಮೈಮೇಲೆ ಕಪ್ಪು ಬಿಳಿ ಪಟ್ಟೆಗಳು. ಒಂದು ತುದಿಯನ್ನು ಬಾಣದಂತೆ ಚೂಪು ಮಾಡಿ ಕೆಂಪು ಬಳಿದಿದ್ದಾರೆ. ಅದಕ್ಕೂ ಮೊದಲು ನಾನು ಗಂಗಾವತಿಯ ಬಡಗಿಯೊಬ್ಬನ ಅಂಗಡಿಯಲ್ಲಿ ಬಾಗಿಲ ಚೌಕಟ್ಟಿನಿಂದ ಉಳಿದ ತೇಗದ ತುಂಡಾಗಿದ್ದೆ. ಕಾಲೇಜಿನ ಇತಿಹಾಸದ ಮೇಷ್ಟರೊಬ್ಬರು ಎದುರಿಗೇ ಕುಳಿತು ನನ್ನನ್ನು ಕೊಯ್ಯಿಸಿದರು. ಇಷ್ಟು ಸಣ್ಣ ಕೋಲಿಗೆ ಇಷ್ಟು ಸಲ ಅಳತೆ ಹಿಡಿಯುವ ಮನುಷ್ಯ ನಿಧಿ ಹುಡುಕುವವನೇ ಇರಬೇಕೆಂದು ಬಡಗಿ ಪಕ್ಕದ ಅಂಗಡಿಯವನಿಗೆ ಕಣ್ಣಲ್ಲೇ ತಿಳಿಸಿದ. ಹುಟ್ಟಿದ ದಿನವೇ ನನ್ನ ಮೇಲೆ ಬಿದ್ದ ಅನುಮಾನ ಆಮೇಲೆ ಬಿಟ್ಟುಹೋಗಲೇ ಇಲ್ಲ.

ನನ್ನ ಕೆಲಸ ಸುಲಭದ್ದು. ಗವಿಯ ಗೋಡೆಯ ಮೇಲೆ ಸಾವಿರಾರು ವರ್ಷದ ಹಿಂದೆ ಯಾರೋ ಕೆಮ್ಮಣ್ಣಿನಲ್ಲಿ ಬರೆದ ಗೂಳಿಯೋ ಜಿಂಕೆಯೋ ಇರುತ್ತದೆ. ಅದರ ಕೆಳಗೆ, ನೆಲದ ಮೇಲೆ ನಾನು ಮಲಗಬೇಕು. ಫೋಟೋ ನೋಡಿದವರಿಗೆ ಆ ಗೂಳಿ ಎಷ್ಟು ದೊಡ್ಡದು ಎಂದು ನನ್ನಿಂದ ತಿಳಿಯಬೇಕು. ನನ್ನ ಕೆಂಪು ತುದಿ ಉತ್ತರಕ್ಕಿರಬೇಕು, ಗೋಡೆ ಯಾವ ದಿಕ್ಕಿಗಿದೆ ಎಂಬುದನ್ನು ಅದರಿಂದಲೇ ನಕ್ಷೆಗೆ ಇಳಿಸುತ್ತಾರೆ. ಈ ಕೋಲು ಸುಳ್ಳು ಹೇಳುವುದಿಲ್ಲ ಎಂದು ಮೇಷ್ಟರು ಹೆಮ್ಮೆಪಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ನಾಲ್ಕು ವರ್ಷ ಗುಮಾಸ್ತನೊಬ್ಬ ನನ್ನಿಂದ ಬೆನ್ನು ತುರಿಸಿಕೊಂಡ. ಅವನ ಡ್ರಾಯರಿನಿಂದ ನನ್ನನ್ನು ಬಿಡಿಸಿಕೊಂಡವರು ಕಾಲೇಜಿಗೆ ಹೊಸದಾಗಿ ಬಂದ ವಾರಿಜಾ ಮೇಡಂ.

ಚಿತ್ರದುರ್ಗದ ಕಡೆಯ ಮೇಡಂ ಬೂದಿಬಂಡೆ ಗುಡ್ಡದ ಚಿತ್ರಗಳನ್ನೆಲ್ಲ ನಕ್ಷೆಗೆ ತರಲು ಬಂದಿದ್ದರು. ಗುಡ್ಡ ಅರಣ್ಯ ಇಲಾಖೆಯದು. ಕರಡಿಗಳಿವೆ, ಅಪ್ಪಣೆ ಇಲ್ಲದೆ ಹೊರಗಿನವರು ಯಾರೂ ಹತ್ತುವಂತಿಲ್ಲ. ಗಾರ್ಡ್ ಲಾಲಸಾಬ ಹೋಗುವಾಗೊಮ್ಮೆ ಬರುವಾಗೊಮ್ಮೆ ನಮ್ಮ ಚೀಲ ತಡಕುತ್ತಿದ್ದ, ಬುತ್ತಿಯ ಡಬ್ಬಿಯ ಮುಚ್ಚಳವನ್ನೂ ತೆಗೆಸುತ್ತಿದ್ದ. ಹಿಂದಿನ ವರ್ಷ ಫೋಟೋ ತೆಗೆಯುತ್ತೇವೆಂದು ಬಂದವರು ಚಿತ್ರದ ಕೆಳಗೇ ಆಳೆತ್ತರ ಗುಂಡಿ ತೋಡಿ ಹೋಗಿದ್ದರಂತೆ. ಆಮೇಲೆ ಅವನು ತನ್ನ ಮೇಲಧಿಕಾರಿಯ ಚೀಲವನ್ನೂ ನಂಬಲಿಲ್ಲ.

ದಾರಿ ತೋರಿಸಲು ಗೊತ್ತಾದವಳು ಮಾಳವ್ವ. ಐವತ್ತರ ಆಸುಪಾಸಿನ ವಿಧವೆ. ಚಿಕ್ಕಂದಿನಿಂದ ಆ ಗುಡ್ಡದಲ್ಲಿ ಆಡು ಮೇಯಿಸಿದವಳು. ಗವಿಯ ನೆಲ ಗುಡಿಸುವುದು, ನನ್ನನ್ನು ಮಲಗಿಸುವುದು, ಕೆಲಸ ಮುಗಿದ ಮೇಲೆ ಕಂಬಳಿಯಲ್ಲಿ ಸುತ್ತಿ ಹೊತ್ತೊಯ್ಯುವುದು, ಎಲ್ಲ ಅವಳದೇ. ಮೊದಲ ದಿನ ಮೇಡಂ ದಿಕ್ಸೂಚಿ ಹಿಡಿದು ಉತ್ತರ ತೋರಿಸಿಕೊಟ್ಟರು. ಮಾಳವ್ವ ತಲೆಯಾಡಿಸಿದಳು. ಆಮೇಲೆ ಹನ್ನೊಂದು ಗವಿಗಳಲ್ಲಿ ಹನ್ನೊಂದು ಸಲವೂ ನನ್ನನ್ನು ತಿರುಗಿಸಿಟ್ಟಳು.

ಅವಳು ಎಲ್ಲ ಗವಿಗಳನ್ನೂ ತೋರಿಸುತ್ತಿಲ್ಲ ಎಂದು ಮೇಡಂಗೆ ಅನುಮಾನ. ಮೇಡಂ ಹೋದ ಮೇಲೆ ಗವಿಗಳ ಬಾಯಿಗೆ ಕಬ್ಬಿಣದ ಜಾಲರಿ ಬರುತ್ತದೆ ಎಂದು ಮಾಳವ್ವನಿಗೆ ಅನುಮಾನ. ಇಬ್ಬರದೂ ನಿಜವೇ ಆಗಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನವೇ ಮಳೆ ಹಿಡಿದುಕೊಂಡಿತು. ಮೇಡಂ ಮತ್ತು ಲಾಲಸಾಬ ಅವಸರದಲ್ಲಿ ಇಳಿದರು. ನಾನು ಕಂಬಳಿಯಲ್ಲೇ ಉಳಿದೆ. ಮಾಳವ್ವನ ಗಬ್ಬದ ಆಡೊಂದು ನೋವು ತಿನ್ನುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ಕಳ್ಳಿಯ ಮರೆಯಲ್ಲಿದ್ದ ಕಿರುಬಾಯಿಯೊಳಗೆ ನುಗ್ಗಿದಳು. ಅದು ಮರಿಗವಿ. ಅವಳ ಅತ್ತೆಯ ಕಾಲದಿಂದ ಮಳೆಗಾಲದಲ್ಲಿ ಆಡುಗಳು ಈಯುವ ಜಾಗ. ಮರಿ ಬಿತ್ತು. ಚಳಿಗೆ ನಡುಗುವ ಮರಿಗೆಂದು ಮಾಳವ್ವ ಬೆಂಕಿ ಮಾಡಿದಳು. ಕೆಂಡ ಕೆದಕಲು ಅವಳ ಕೈಗೆ ಸಿಕ್ಕಿದ್ದು ನಾನು. ನನ್ನ ಬಾಲದ ತುದಿ ಚುರ್ರೆಂದಿತು. ಆ ಬೆಳಕಿನಲ್ಲಿ ಗೋಡೆ ಕಂಡಿತು: ಮಸಿಯ ನಡುವೆ ಕೈ ಕೈ ಹಿಡಿದು ನಿಂತ ಏಳು ಕೆಂಪು ಮನುಷ್ಯರು, ಅವರ ಕಾಲ ಬಳಿ ಹೊಟ್ಟೆ ತುಂಬಿದ ಒಂದು ಆಡು. ಹನ್ನೊಂದು ಗವಿಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಮರುದಿನ ಮಾಳವ್ವ ತಂದೊಪ್ಪಿಸಿದ ನನ್ನನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಮರಳಿದ ಮೇಡಂ ಫೋಟೋಗಳನ್ನು ನಕ್ಷೆಯ ಪಕ್ಕದಲ್ಲಿ ಹರಡಿಕೊಂಡರು. ನನ್ನ ಕೆಂಪು ತುದಿಯನ್ನು ನಂಬಿದರೆ ಹನ್ನೊಂದು ಗವಿಗಳಲ್ಲೂ ಸೂರ್ಯ ಪಡುವಣದಲ್ಲಿ ಹುಟ್ಟಿದ್ದ. ಅವರು ನನ್ನನ್ನು ಕೈಗೆತ್ತಿಕೊಂಡು ತುಂಬಾ ಹೊತ್ತು ನೋಡಿದರು. ಸುಟ್ಟ ಬಾಲ, ಬಿಳಿ ಪಟ್ಟೆಗೆ ಮೆತ್ತಿದ ಮಸಿ. ಯಾವ ಗವಿಯಲ್ಲೂ ಬೆಂಕಿ ಉರಿದದ್ದನ್ನು ಅವರು ಕಂಡಿರಲಿಲ್ಲ. ಲಾಲಸಾಬನಿಗೆ ಫೋನು ಹೋಯಿತು. ನಿಧಿ ಹುಡುಕುವವರ ಮಾತು ಕೇಳಿ ಬೇಕೆಂದೇ ನಕ್ಷೆ ಕೆಡಿಸಿದ್ದಾಳೆ ಎಂದು ಅವನು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟ.

ಹನ್ನೊಂದು ಸಲ ಸುಳ್ಳು ಹೇಳಿದಾಗ ನನ್ನನ್ನು ಯಾರೂ ಕೇಳಿರಲಿಲ್ಲ. ಒಂದೇ ಒಂದು ನಿಜ ಹೇಳಿದೆ, ಅದೂ ಬಾಲದ ಮಸಿಯಿಂದ. ಮಾಳವ್ವ ಸಿಕ್ಕಿಬಿದ್ದಳು.

ಈಗ ನಾನು ಮುದುಕ. ಈಗಿನವರು ಪ್ಲಾಸ್ಟಿಕ್ ಪಟ್ಟಿ ಇಡುತ್ತಾರೆ. ಕಾಲೇಜಿನ ಸ್ಟೋರಿನ ತಗಡಿನ ಪೆಟ್ಟಿಗೆಯಲ್ಲಿ ಹರಿದ ಟೇಪು, ಮುರಿದ ದಿಕ್ಸೂಚಿಯ ಜೊತೆ ಮಲಗಿದ್ದೇನೆ. ಮಲಗಿಸಿದವರು ದಿಕ್ಕು ನೋಡಿಲ್ಲ. ನನ್ನನ್ನು ಕೊಯ್ದವರಿಗೆ, ಹಿಡಿದವರಿಗೆ ನಾನು ಅಳತೆಯ ಸಾಧನ. ಜೀವವಿರುವವನಂತೆ ಮಲಗಿಸಿದವಳು ಒಬ್ಬಳೇ. ಅವಳನ್ನೇ ಹಿಡಿದುಕೊಟ್ಟೆ. ಅವಳೂ ನನ್ನನ್ನು ನೆಪ ಮಾಡಿಕೊಂಡಳೇ ಎಂಬ ಅನುಮಾನ ಆಗಾಗ ಬರುತ್ತದೆ, ಮಸಿಯ ಹಾಗೆ ಅದನ್ನೂ ಒರೆಸಿ ತೆಗೆಯಲಾಗಿಲ್ಲ. ಉಳಿದದ್ದು ಗುಡ್ಡದ ಮೇಲಿನ ಆ ಬೆಳಗು, ಅದನ್ನು ಹೇಳಿಬಿಡುತ್ತೇನೆ.

ಆಡಿನ ಹಿಕ್ಕೆಯ ಜಾಡು ಹಿಡಿದು ಮೇಡಂ, ಲಾಲಸಾಬ ಮರಿಗವಿಗೆ ಬಂದರು. ಮಾಳವ್ವ ಬಾಗಿಲಿಗೆ ಅಡ್ಡವಾಗಿ ಕುಳಿತಿದ್ದಳು. ಮಡಿಲಲ್ಲಿ ಮರಿ. ಏಳಲಿಲ್ಲ. ಮೇಡಂ ನನ್ನನ್ನು ಅವಳ ಮುಂದೆ ಹಿಡಿದರು.

"ಇದನ್ನ ಯಾಕೆ ತಿರುಗಿಸಿಟ್ರಿ, ಮಾಳವ್ವ?"

"ಉತ್ತರಕ್ಕ ತಲಿ ಮಾಡಿ ಹೆಣಾ ಮಲಗಸ್ತಾರ್ರೀ ಬಾಯಾರ. ನಾ ಬಾಜೂಕ ನಿಂತ ಹೆಂಗ ನೋಡ್ಲಿ?"

"ಇದು ಕೋಲು."

"ಇಷ್ಟ ದಿನಾ ನನ್ನ ಕಂಬಳ್ಯಾಗ ಇತ್ತು. ಅದಕ್ಕೂ ತಲಿ ಕಾಲು ಐತಿ."

ಲಾಲಸಾಬ ನಕ್ಕ. ಎಂಥಾ ಹುಶಾರಿ ಐತ್ರೀ ಈ ಮುದುಕಿ ಅಂದ. ಮೇಡಂ ನಗಲಿಲ್ಲ. ನಂಬಿದರೋ ಇಲ್ಲವೋ ಅವರ ಮುಖದಲ್ಲಿ ತಿಳಿಯಲಿಲ್ಲ. ಬಗ್ಗಿ ಒಳಗೆ ಟಾರ್ಚು ಹಾಕಿದರು. ಏಳು ಜನ ಬೆಳಕಿಗೆ ಬಂದಾಗ ಅವರ ಕೈ ತಾನಾಗಿ ಬಾಯಿಗೆ ಹೋಯಿತು. ಆಮೇಲೆ ಮಾಳವ್ವನ ಕಡೆ ತಿರುಗಿ, ಇದನ್ನೇಕೆ ಮುಚ್ಚಿಟ್ಟಿರಿ ಎಂದು ಕೇಳಿದರು.

"ಹಿಂದ ಆನಿಬಂಡಿ ಗವಿ ತೋರಿಸಿದ್ವಿ, ಬಾಯಿಗೆ ಜಾಲರಿ ಹೊಡದ್ರಿ. ಇದನ್ನೂ ಹೊಡದ್ರ ಮಳ್ಯಾಗ ನನ್ನ ಆಡು ಎಲ್ಲಿ ಈಯಬೇಕು?"

ಮೇಡಂ ಅವಳೆದುರು ನೆಲದ ಮೇಲೆ ಕುಳಿತರು. ಹೊಗೆ ಆ ಏಳು ಜನರನ್ನು ತಿನ್ನುತ್ತಿದೆ, ಇನ್ನು ಹತ್ತು ಮಳೆಗಾಲಕ್ಕೆ ಗೋಡೆಯಲ್ಲಿ ಯಾರೂ ಉಳಿಯುವುದಿಲ್ಲ ಎಂದರು. ನಕ್ಷೆಗೆ ಹಾಕದಿದ್ದರೆ ಕಾಯುವವರಿಲ್ಲದೆ ಗುಂಡಿ ತೋಡುವವರು ಬರುತ್ತಾರೆ ಎಂದರು. ಅದೂ ನಿಜವೇ. ಮಾಳವ್ವ ಮರಿಯ ಕಿವಿ ಸವರುತ್ತ ಕೇಳಿಸಿಕೊಂಡಳು.

"ಇಲಾಖೆಯವರ ಹತ್ತಿರ ಮಾತಾಡಿದ್ದೀನಿ. ಈ ಗುಡ್ಡದ ಕಾವಲಿನ ಕೆಲಸ ನಿಮಗೇ. ಜಾಲರಿಯ ಬೀಗದ ಕೈ ನಿಮ್ಮ ಹತ್ತಿರಾನೇ ಇರುತ್ತೆ. ನಾನು ಬಂದರೂ ನಿಮ್ಮನ್ನ ಕೇಳೇ ಒಳಗೆ ಹೋಗಬೇಕು."

"ನನ್ನ ಆಡು?"

ಮೇಡಂ ಲಾಲಸಾಬನ ಮುಖ ನೋಡಿದರು. ಅವನು ಗುಡ್ಡದ ತುದಿಯ ಕಡೆ ನೋಡಿದ.

"ಆಡು ಬಿಡೋ ಹಾಗಿಲ್ಲ, ಮಾಳವ್ವ."

ಮೇಡಂ ಚೀಲದಿಂದ ಹೊಸ ಬೀಗ ತೆಗೆದು, ಕೀಲಿಕೈಯನ್ನು ಅದರಿಂದ ಬಿಡಿಸಿ, ಅಂಗೈಯಲ್ಲಿಟ್ಟು ಮುಂದೆ ಚಾಚಿದರು. ಒಳಗಿದ್ದ ತಾಯಿಯಾಡು ಒಮ್ಮೆ ಕೂಗಿತು. ಮಾಳವ್ವ ಮಡಿಲಿನ ಮರಿಯನ್ನು ಅದರ ಕಡೆಗೆ ಬಿಟ್ಟು, ಮತ್ತೆ ಬಾಗಿಲಿಗೆ ಅಡ್ಡವಾಗಿ ಕುಳಿತಳು.

"ಒಲ್ಲೆ," ಅಂದಳು.