ಅತ್ತಿಗೆಯ ಹಳೇ ಡಿಸ್ಕ್

ಲ್ಯಾಪ್‌ಟಾಪ್ ಆನ್ ಮಾಡಿ ಮುಖ ತೊಳೆದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಡಾಕ್ಟರುಗಳು ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದ ವರದಿಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡಿಕೊಡುವ ಅವಳು ಒಂದು ತಿಂಗಳಿಂದ ಹೇಳುತ್ತಿದ್ದಳು: "ಪ್ರೊಸೆಸರ್ ಚೆನ್ನಾಗೇ ಇದೆ. ಹಾರ್ಡ್‌ಡಿಸ್ಕಿಗೆ ವಯಸ್ಸಾಗಿದೆ. ಅದನ್ನ ತೆಗೆದು ಹೊಸ ಥರದ ವೇಗದ ಡಿಸ್ಕು, ಎಸ್‌ಎಸ್‌ಡಿ ಹಾಕಿಸಿದ್ರೆ ಸಾಕು."

ಕೇಳುವ ಕಿವಿ ಯಾವುದು? ಗಂಡನೂ ಮೈದುನನೂ ಸೋಫಾದಲ್ಲಿ ಕೂತು, ಪ್ರೊಸೆಸರನ್ನೇ ಬದಲಿಸೋಣವೆಂದು, ಯಾವ ಪ್ರೊಸೆಸರಿಗೆ ಎಷ್ಟು ಕೋರು, ಎಷ್ಟು ಗಿಗಾಹರ್ಟ್ಸು ಎಂದು ಎತ್ತಿನ ಹಲ್ಲು ಎಣಿಸುವವರ ಹಾಗೆ ಎಣಿಸಿದರು.

"ಈ ಮಾಡೆಲ್‌ನಲ್ಲಿ ಪ್ರೊಸೆಸರನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಬದಲಿಸೋಕಾಗಲ್ಲ," ಎಂದಳು ಅವಳು.

"ಅತ್ತಿಗೆ, ನಿಮ್ಮದು ಟೈಪಿಂಗು. ಇದನ್ನ ನಮಗೆ ಬಿಡಿ," ಎಂದು ಮೈದುನ ನಕ್ಕ.

ಮೂವರೂ ರಿಪೇರಿ ಅಂಗಡಿಗೆ ಹೋದರು. ಅಂಗಡಿಯವನು ಲ್ಯಾಪ್‌ಟಾಪಿನ ತಳ ಬಿಚ್ಚಿ ನೋಡಿ, ಗಂಡಸರ ಮುಖ ನೋಡಿಕೊಂಡೇ ಹೇಳಿದ: "ಪ್ರೊಸೆಸರ್ ಬೆಸುಗೆದು ಸಾರ್, ಬದಲಿಸೋಕೆ ಬರಲ್ಲ. ಎಸ್‌ಎಸ್‌ಡಿ ಹಾಕ್ಸಿ, ಓಡುತ್ತೆ."

ಗಂಡ ಅವಳತ್ತ ತಿರುಗಿದ. "ಕೇಳಿಸ್ತಾ? ತಪ್ಪು ಹಾರ್ಡ್‌ಡಿಸ್ಕಿನದಂತೆ ಕಣೆ."

ಅಂತೆ! ಅವಳ ನೆತ್ತಿಗೆ ಕೆಂಡ ಇಟ್ಟ ಹಾಗಾಯಿತು. ತಾನು ಹೇಳಿದರೆ ಗಾಳಿಮಾತು, ಅಂಗಡಿಯವನು ಹೇಳಿದರೆ ವೇದವಾಕ್ಯ. ಆದರೂ ಹಲ್ಲು ಕಚ್ಚಿ ನುಂಗಿಕೊಂಡಳು. ಗಂಟಲಿಗೆ ಅದು ಹೊಸದಲ್ಲ.

"ಹಳೇದರಲ್ಲಿರೋದನ್ನ ಕಾಪಿ ಮಾಡ್ಬೇಕಾ ಸಾರ್? ಎರಡು ಗಂಟೆ ಹಿಡಿಯುತ್ತೆ."

"ಏನೂ ಬೇಡ, ಎಲ್ಲಾ ಕಸ," ಎಂದ ಮೈದುನ. "ಅಳಿಸಿಬಿಡಿ. ಆ ಡಿಸ್ಕಲ್ಲಿ ನಾನು ಸಿನಿಮಾ ತುಂಬ್ಕೋತೀನಿ."

ಕಸ! ಒಬ್ಬ ಡಾಕ್ಟರು ಅರ್ಧಕ್ಕೇ ನುಂಗುವ ಮಾತು, ಇನ್ನೊಬ್ಬರು ಅವಸರದಲ್ಲಿ ಮುರಿಯುವ ಔಷಧದ ಹೆಸರು. ಒಬ್ಬೊಬ್ಬರಿಗೂ ಅವಳು ಆ ಡಿಸ್ಕಿನಲ್ಲಿ ಒಂದೊಂದು ಪಟ್ಟಿ ಮಾಡಿಕೊಂಡಿದ್ದಳು. ಎರಡಕ್ಷರ ಒತ್ತಿದರೆ ಇಡೀ ಸಾಲು ಮೂಡುತ್ತಿತ್ತು. ಎಂಟು ವರ್ಷ ಕಿವಿಯಿಂದ ಹೆಕ್ಕಿದ್ದು, ಬೇರೆಲ್ಲೂ ಇರಲಿಲ್ಲ. ಅದು ಹೋದರೆ ನಾಳೆಯಿಂದ ಕೈ ಕಟ್ಟಿದ ಹಾಗೆ.

ಅಂಗಡಿಯವನು ಬಿಚ್ಚಿ ಕೌಂಟರಿನ ಮೇಲಿಟ್ಟಿದ್ದ ಡಿಸ್ಕನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದಳು.

"ಇದು ನನ್ನದು. ಕೇಳೋದಿದ್ರೆ ನನ್ನ ಕೇಳ್ರಿ," ಎಂದಳು ಅಂಗಡಿಯವನಿಗೆ. "ಒಂದಕ್ಷರ ಬಿಡದೆ ಕಾಪಿ ಆಗಬೇಕು. ಹಳೇದೂ ನನ್ನ ಕೈಗೇ ಬರಬೇಕು."

"ಅಯ್ಯೋ ಅತ್ತಿಗೆ, ತಮಾಷೆಗಂದೆ..."

"ಅಳಿಸೋದೂ ತಮಾಷೇನಾ ನಿಂಗೆ?"

"ಎರಡು ಗಂಟೆ ಇಲ್ಲೇ ಕೂರ್ತೀಯಾ?" ಗಂಡ ಗೊಣಗಿದ. "ಅಡುಗೆ?"

"ಇಬ್ಬರಿದ್ದೀರಲ್ಲ, ಮಾಡ್ಕೊಳ್ಳಿ. ಹೊರಡಿ."

ಅಂಗಡಿಯವನು ಡಿಸ್ಕನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದ. "ಸಾ..." ಎಂದು ತಡೆದು, "ಮೇಡಂ, ಪಾಸ್‌ವರ್ಡ್ ಕೇಳ್ತಿದೆ."

ಗಂಡನಿಗೂ ಮೈದುನನಿಗೂ ಅದು ಗೊತ್ತಿರಲಿಲ್ಲ. ಅವಳು ಸ್ಟೂಲೆಳೆದು ಅವರಿಗೆ ಬೆನ್ನು ಹಾಕಿ ಕೂತಳು. ಸಿಟ್ಟಿನಲ್ಲಿ ಕೀಗಳನ್ನು ಕುಟ್ಟಿ ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಪಾಸ್‌ವರ್ಡ್ ಹಾಕಿದಳು.

ಕಾಪಿ ಶುರುವಾದ ಮೇಲೂ ಸಿಟ್ಟು ಇಳಿಯಲಿಲ್ಲ. ಇಳಿಸಿಕೊಳ್ಳಲು ಅವಳಿಗೂ ಮನಸ್ಸಿರಲಿಲ್ಲ.