ಬಚ್ಚಲಲ್ಲಿ ಬಚ್ಚಿಟ್ಟ ಹುಂಜ

ಅವತ್ತು ಬೆಳಗಾದರೂ ಹುಂಜ ಕೂಗಲಿಲ್ಲ.

ಈರಮ್ಮ ಎದ್ದು ಕೂತಳು. ಪಕ್ಕದ ಮನೆಯ ರೇಡಿಯೋ ಶುರುವಾಯಿತು, ಹಾಲಿನವನ ಸೈಕಲ್ ಗಂಟೆ ಕೇಳಿಸಿತು. ಹಿತ್ತಿಲಿನಿಂದ ಮಾತ್ರ ಸದ್ದೇ ಇಲ್ಲ.

ಚಾಮರಾಜನಗರದ ಆ ಬೀದಿಯಲ್ಲಿ ಹಿತ್ತಿಲು ಅಂದರೆ ಎಷ್ಟು ತಾನೆ ಇರುತ್ತದೆ? ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಆಚೆಗೆ ಪಕ್ಕದವರ ಗೋಡೆ. ಅಷ್ಟರಲ್ಲೇ ಈರಮ್ಮ ಕೋಳಿ ಸಾಕಿದ್ದಳು. ಅವಳು ಉಡಿಗಾಲ ಎಂಬ ಹಳ್ಳಿಯವಳು, ಪೇಟೆಯಲ್ಲಿ ಕೆಲಸಕ್ಕಿದ್ದ ಮಗ ಸುಧಾಕರನ ಮನೆಗೆ ಬಂದು ಸೇರಿಕೊಂಡಿದ್ದಳು. ಸೊಸೆ ಶಿವರಂಜಿನಿ ಚೊಚ್ಚಲ ಬಸುರಿ. ಆಸ್ಪತ್ರೆಯ ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ಕಡಿಮೆ ಇದೆ. ಮಾತ್ರೆ ತಪ್ಪಿಸಬೇಡಿ, ಸೊಪ್ಪು, ಮೊಟ್ಟೆ ಚೆನ್ನಾಗಿ ಕೊಡಿ" ಅಂದದ್ದೇ ತಡ, ಈರಮ್ಮ ಊರಿನಿಂದ ನಾಲ್ಕು ಹ್ಯಾಟೆಗಳನ್ನೂ ಒಂದು ಕೆಂಪು ಹುಂಜವನ್ನೂ ಮಂಕರಿಯಲ್ಲಿ ಹೊತ್ತು ತಂದಳು. ಹ್ಯಾಟೆಗಳ ಮೊಟ್ಟೆ ಸೊಸೆಗೆ. ಹುಂಜ ಮಾತ್ರ ಮಾರಮ್ಮನದು. ಹೆರಿಗೆ ಸಲೀಸಾಗಿ ಆದರೆ ಗುಡಿಯ ಮುಂದೆ ತಂದು ಬಿಡುತ್ತೇನೆಂದು ಹರಕೆ ಹೊತ್ತಿದ್ದಳು.

ಎಲ್ಲವೂ ಸರಿಯಾಗಿಯೇ ನಡೆದಿತ್ತು. ಆಮೇಲೊಂದು ಸಂಜೆ ಪಕ್ಕದ ಮನೆಯ ನಾಗರತ್ನ ಬಂದಳು. ಅವಳು ಸ್ತ್ರೀಶಕ್ತಿ ಸಂಘದವಳು, ಬೀದಿಯ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡು ಮಾಡುವವಳು.

"ಈರಮ್ಮಕ್ಕ, ನಾಳೆ ಪಶು ಆಸ್ಪತ್ರೆಯವ್ರು ಬತ್ತರೆ. ಕೊಕ್ಕರೆ ರೋಗ ಬರ್ದಂಗೆ ಕೋಳಿಗೆ ಲಸಿಕೆ ಹಾಕ್ತರೆ. ನಿಮ್ಮವ್ಕೂ ಹಾಕ್ಸಿ."

ಈರಮ್ಮನಿಗೆ ನಗು ಬಂತು. "ಅಲ್ಲ ಕಣವ್ವ, ಶಿವಾಚಾರದೋಳು ನೀನು. ಮೊಟ್ಟೆ ವಾಸ್ನೆಗೇ ಮೂಗ್ ಮುಚ್ಕತೀಯ. ನಂಗೆ ಕೋಳಿ ಸಾಕದ ಏಳ್ಕೊಡ್ತೀಯಾ? ನಮ್ಮಪ್ಪನ ಕಾಲ್ದಲ್ಲಿ ಯಾವ್ ಕೋಳಿಗೆ ಸೂಜಿ ಚುಚ್ಸಿದ್ರು?"

"ತಿನ್ನದು ನಂಗೊತ್ತಿಲ್ಲ ಕಣಕ್ಕ, ಸಾಯದ ನೋಡಿವ್ನಿ. ಗುಂಡ್ಲುಪೇಟೆಲಿ ನಮ್ಮಮ್ಮನ ಮನೆ ಬೀದಿಲಿ ಹೋದ್ ವರ್ಷ ಒಂದ್ ಕೋಳಿನೂ ಉಳೀಲಿಲ್ಲ."

ಈರಮ್ಮ ಒಲ್ಲದ ಮನಸ್ಸಿನಿಂದಲೇ ಹ್ಯಾಟೆಗಳಿಗೆ ಒಪ್ಪಿಕೊಂಡಳು. ಆದರೆ ಹುಂಜ? ಮಾರಮ್ಮನಿಗೆ ಬಿಡುವ ಹುಂಜಕ್ಕೆ ಗಾಯ ಆಗಕೂಡದು, ಒಂದು ತೊಟ್ಟು ರಕ್ತ ಬರಕೂಡದು, ಮುಕ್ಕಾಗಕೂಡದು. ಅದು ಅವಳ ಮನೆತನದ ಕಟ್ಟಳೆ. ಮಾರನೆಯ ದಿನ ಲಸಿಕೆಯವರು ಬೀದಿಗೆ ಬರುತ್ತಲೇ ಹುಂಜವನ್ನು ಬಚ್ಚಲುಮನೆಯೊಳಗೆ ಬಿಟ್ಟು ಬಾಗಿಲು ಹಾಕಿದಳು.

"ಹುಂಜ ಎಲ್ಲಕ್ಕ?" ನಾಗರತ್ನ ಕೇಳಿದಳು.

"ಉಡಿಗಾಲಕ್ಕೆ ಕಳುಸ್ಬುಟ್ಟೆ ಕಣವ್ವ," ಅಂದಳು ಈರಮ್ಮ, ಬಚ್ಚಲ ಬಾಗಿಲಿಗೇ ಒರಗಿ ನಿಂತುಕೊಂಡು. ಒಳಗೆ ಕತ್ತಲಿತ್ತು, ಹುಂಜವೂ ತುಟಿಪಿಟಿಕ್ಕೆನ್ನಲಿಲ್ಲ.

ಸ್ವಲ್ಪ ದಿನ ಕಳೆಯಿತು. ಈರಮ್ಮನ ತಮ್ಮ ದೊಡ್ಡಬೀರಯ್ಯ ಸಂತೆಮರಹಳ್ಳಿ ಸಂತೆಯಿಂದ ಒಂದು ಬಿಳಿ ಹ್ಯಾಟೆ ಹಿಡಿದುಕೊಂಡು ಬಂದ. "ಅಗ್ಗಕ್ಕೆ ಸಿಕ್ತು ಕಣಕ್ಕ. ಸೊಸೆಗೆ ಇನ್ನೊಂದ್ ಮೊಟ್ಟೆ ಆಯ್ತದ."

"ತೂಕಡಿಸ್ತದಲ್ಲೋ ಇದು?"

"ಬಸ್ನಲ್ಲಿ ಬಂದದಲ್ಲ, ಸುಸ್ತಾಗದ. ಮಂಕ್ರಿ ಕವುಚಾಕು, ಸರಿ ಓಯ್ತದ."

ಕಾವಿಗೆ ಕೂತಿದ್ದ ಒಂದು ಹ್ಯಾಟೆಯನ್ನು ಬಿಟ್ಟು ಉಳಿದವೆಲ್ಲ ಆ ರಾತ್ರಿ ಒಂದೇ ಮಂಕರಿಯ ಕೆಳಗೆ ಮಲಗಿದವು. ಎರಡೇ ದಿನಕ್ಕೆ ಸಂತೆಯ ಕೋಳಿ ಸತ್ತುಬಿದ್ದಿತ್ತು. ಬಿಸಿಲು ತಡೆಯಲಿಲ್ಲ ಅಂದುಕೊಂಡು ಈರಮ್ಮ ಅದನ್ನು ಚರಂಡಿಗೆ ಎಸೆದು ಕೈ ತೊಳೆದುಕೊಂಡಳು.

ಈಗ, ಹುಂಜ ಕೂಗದ ಈ ಬೆಳಗ್ಗೆ, ಅವಳು ಓಡಿಹೋಗಿ ಮಂಕರಿ ಎತ್ತಿದಳು.

ಹ್ಯಾಟೆಗಳು ಯಾವತ್ತಿನಂತೆ ಕೊಕ್ ಕೊಕ್ ಎನ್ನುತ್ತ ಹೊರಗೆ ನುಗ್ಗಿದವು. ಹುಂಜ ಏಳಲಿಲ್ಲ. ಅದರ ಕತ್ತು ಬೆನ್ನ ಮೇಲೆ ತಿರುಚಿಕೊಂಡಿತ್ತು. ರೆಕ್ಕೆ ಜೋತುಬಿದ್ದಿತ್ತು. ಬಾಯಿ ತೆರೆದುಕೊಂಡು ಉಸಿರಿಗೆ ಒದ್ದಾಡುತ್ತಿತ್ತು, ಸುತ್ತಲೂ ಹಸಿರು ಹಿಕ್ಕೆ. ಈರಮ್ಮ ಎತ್ತಿ ಮಡಿಲಿಗೆ ಹಾಕಿಕೊಂಡಳು. ಅಲ್ಲೇ ಅದರ ಪ್ರಾಣ ಹೋಯಿತು.

"ಅಯ್ಯೋ ನನ್ನವ್ವ!" ಎಂದು ಅವಳು ಹಾಕಿದ ಕೂಗಿಗೆ ಇಡೀ ಬೀದಿ ಬೆಚ್ಚಿಬಿತ್ತು. "ಮಾರವ್ವ ಒಲ್ಲೆ ಅಂದ್ಬುಟ್ಲು! ನನ್ ಅರ್ಕೆ ಒಲ್ಲೆ ಅಂದ್ಬುಟ್ಲು!"

ಬಾಗಿಲಲ್ಲಿ ಶಿವರಂಜಿನಿ ನಿಂತಿದ್ದಳು. ಹರಕೆ ಏತಕ್ಕೆಂದು ಅವಳಿಗೂ ಗೊತ್ತಿತ್ತು. ಅವಳ ಎರಡೂ ಕೈ ತಾವಾಗಿ ಹೊಟ್ಟೆಯ ಮೇಲೆ ಹೋದವು. "ಅತ್ತೆ, ಹಂಗಾದ್ರೆ ನನ್ ಕೂಸು?" ಅಂದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಆ ಮುಖ ನೋಡಿ ಈರಮ್ಮನಿಗೆ ಹುಂಜ ಸತ್ತದ್ದಕ್ಕಿಂತ ಹೆಚ್ಚು ಭಯವಾಯಿತು.

ಜನ ಸೇರಿದರು. ಟಿ.ವಿ.ಯಲ್ಲಿ ತೋರಿಸುತ್ತಿದ್ದ ಕೋಳಿಜ್ವರವೇ ಬಂತೆಂದು ಯಾರೋ ಅಂದರು. ಅಷ್ಟಕ್ಕೇ ಅರ್ಧ ಜನ ಹಿಂದೆ ಸರಿದರು. ನಾಗರತ್ನ ಗುಂಪು ಸೀಳಿಕೊಂಡು ಬಂದವಳು ಹುಂಜ ನೋಡಿ ದಂಗಾಗಿ ನಿಂತಳು.

"ಉಡಿಗಾಲಕ್ಕೆ ಕಳಿಸ್ದೆ ಅಂದ್ರಲ್ಲಕ್ಕ! ದಿನಾ ಕೂಗ್ತಿದ್ದದ್ದು ಬ್ಯಾರೆ ಯಾರ್ದೋ ಹುಂಜ ಅನ್ಕಂಡಿದ್ದೆ."

ಈರಮ್ಮ ಬಚ್ಚಲ ಬಾಗಿಲ ಕಡೆ ಕೈ ತೋರಿಸಿದಳು. ನಾಗರತ್ನ ಹೆಚ್ಚು ಕೇಳದೆ, ಯಾರೂ ಮುಟ್ಟಬೇಡಿ ಎಂದು ಹೇಳಿ, ಎಸ್‌ಟಿಡಿ ಬೂತಿಗೆ ಹೋಗಿ ಪಶು ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರು ಕೈಗೆ ಗ್ಲೌಸ್ ಹಾಕಿಕೊಂಡು ಬಂದು ಪರೀಕ್ಷೆ ಮಾಡಿದರು. ಕೋಳಿಜ್ವರ ಅಲ್ಲ, ಕೊಕ್ಕರೆ ರೋಗ, ಸಂತೆಯಿಂದ ತಂದ ಕೋಳಿಯಿಂದಲೇ ತಗುಲಿರಬೇಕು. ಬಂದ ಮೇಲೆ ಅದಕ್ಕೆ ಮದ್ದಿಲ್ಲ, ಬರುವ ಮೊದಲೇ ಲಸಿಕೆ ಹಾಕಿಸಬೇಕು ಅಂದರು.

ಅವರು ಹೋದ ಮೇಲೂ ಈರಮ್ಮ ಒಗೆಯುವ ಕಲ್ಲಿನ ಮೇಲೇ ಕೂತಿದ್ದಳು. "ಕಾಯ್ಲೆನೂ ಅವ್ಳೇ ಕಳ್ಸದು ಕಣವ್ವ," ಅಂದಳು.

ನಾಗರತ್ನ ಕರಿಬೇವಿನ ಬುಡ ಕೆದಕುತ್ತಿದ್ದ ಹ್ಯಾಟೆಗಳ ಕಡೆ ಕೈ ತೋರಿಸಿದಳು. "ಇವೂ ಅದೇ ಮಂಕ್ರಿಲೇ ಮಲ್ಗಿದ್ವು. ಅವ್ವ ಮುನಿಸ್ಕಂಡಿದ್ರೆ ಇವ್ನ ಯಾಕ್ ಬುಟ್ಳು? ಇವ್ಕೆ ಲಸಿಕೆ ಬಿದ್ದಿತ್ತು ಕಣಕ್ಕ. ಹುಂಜಕ್ಕೆ ಬಿದ್ದಿರ್ಲಿಲ್ಲ. ಅಷ್ಟೇಯ."

ಈರಮ್ಮ ಹ್ಯಾಟೆಗಳನ್ನು ನೋಡಿದಳು. "ಮುಕ್ಕಾಗ್ಬಾರ್ದು ಅಂತ ಬಚ್ಚಿಟ್ಟೆ ಕಣವ್ವ," ಅಂದಳು. "ಈಗ ಉಂಜವೇ ಇಲ್ಲ." ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದಳು. "ತೆಪ್ಪು ನಂದು ಕಣ್ ಮಗ. ಮಾರವ್ವಂದಲ್ಲ, ನಿನ್ ಕೂಸಿಂದೂ ಅಲ್ಲ. ಒಳಕ್ಕೋಗಿ ಉಣ್ಣು."

ಸುಧಾಕರ ಆಳವಾಗಿ ಗುಂಡಿ ತೋಡಿ, ಚರಂಡಿಯ ಕೋಳಿಯನ್ನೂ ತಂದು ಎರಡನ್ನೂ ಸುಣ್ಣ ಸುರಿದು ಹೂತ. ಹಳೆಯ ಮಂಕರಿ ಸುಟ್ಟರು, ಹಿತ್ತಿಲಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆದರು. ದೊಡ್ಡಬೀರಯ್ಯ ಇನ್ನೊಂದು ಕೋಳಿ ತರುತ್ತೇನೆಂದಾಗ ಈರಮ್ಮ ಗದರಿದಳು: "ಸುಮ್ಕಿರ್ಲಾ. ತಂದ್ರೂ ಎರಡ್ಮೂರು ವಾರ ಬ್ಯಾರೆ ಕಡೆ ಕಟ್ಟಾಕಿ ನೋಡಿ, ಆಮೇಲೆ ಜೊತೆಗೆ ಬುಡನ."

ಶಿವರಂಜಿನಿ ಹೆರಿಗೆಗೆಂದು ಗುಂಡ್ಲುಪೇಟೆಯ ತವರಿಗೆ ಹೋದಳು. ಇತ್ತ ಕಾವಿಗೆ ಕೂತ ಹ್ಯಾಟೆ ಮರಿ ಮಾಡಿತ್ತು. ಆ ಕೆಂಪು ಹುಂಜದ್ದೇ ಮರಿಗಳು. ಮರಿಗಳಿಗೆ ಲಸಿಕೆ ಹಾಕುವವರು ಬಂದ ದಿನವೇ ತವರಿನಿಂದ ಸುದ್ದಿ ಬಂತು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಈರಮ್ಮ ಕುಣಿದಾಡುವುದೊಂದು ಬಾಕಿ. ಮರಿಗಳಿಗೆ ಸೂಜಿಯಿಲ್ಲ, ಕಣ್ಣಿಗೆ ಒಂದು ಹನಿ ಲಸಿಕೆ ಅಷ್ಟೆ. ಲಸಿಕೆಯ ಹುಡುಗಿಯ ಮುಂದೆ ಕೂತು ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದಳು.

"ಮೊದ್ಲು ಇದ್ರ ಕಣ್ಗೆ ಆಕವ್ವ ಅನಿಯ."

"ಇದಕ್ಕೇ ಯಾಕಕ್ಕ ಮೊದ್ಲು?" ನಾಗರತ್ನ ಕೇಳಿದಳು.

"ಇದು ಮಾರವ್ವಂದು."

"ಹುಂಜವೋ ಹ್ಯಾಟೆಯೋ ಇನ್ನೂ ಗೊತ್ತಿಲ್ಲ!"

"ಉಂಜವೇ ಕಣ," ಅಂದಳು ಈರಮ್ಮ. "ನೀನ್ ಮೊಟ್ಟೆ ತಿನ್ನದೋಳು, ನಿಂಗೇನ್ ಗೊತ್ತು?"

ಅಕ್ಕಂದಿರೇ, ಅಣ್ಣಂದಿರೇ, ಪೇಟೆಯ ಹಿತ್ತಿಲು ಚಿಕ್ಕದಾದರೂ ನಾಲ್ಕು ಕೋಳಿಗೆ ಸಾಕು. ಧೈರ್ಯವಾಗಿ ಸಾಕಿ. ಮರಿಯಿಂದಲೇ ಲಸಿಕೆ ಹಾಕಿಸಿ, ಡಾಕ್ಟರು ಹೇಳಿದಾಗ ಮತ್ತೆ ಹಾಕಿಸಿ. ಸಂತೆಯಿಂದ ತಂದ ಕೋಳಿಯನ್ನು ತಕ್ಷಣ ಜೊತೆಗೆ ಬಿಡಬೇಡಿ. ಸತ್ತ ಕೋಳಿಯನ್ನು ಚರಂಡಿಗೆ ಎಸೆಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಲಸಿಕೆಯವರು ನಿಮ್ಮ ಬೀದಿಗೆ ಬಂದ ದಿನ ಒಂದನ್ನೂ ಬಚ್ಚಿಡಬೇಡಿ. ದೇವರ ಹೆಸರಿನ ಹುಂಜವಿದ್ದರೆ ಅದನ್ನೇ ಮೊದಲು ಎತ್ತಿಕೊಂಡು ಬನ್ನಿ.